ನಾನು ಸುತ್ತಿದ ಆ ಕಾಯಿಲ್

ಶಮಿಕಾ, ಧನ್ವಿತ್,

ಮೊನ್ನೆ ಊಟದ ಹೊತ್ತಿಗೆ ಶಮಿಕಾ ಬೈಕಿನ ಸರ್ವಿಸ್ ಸೆಂಟರಿಗೆ ಟ್ರೈನಿಯಾಗಿ ಸೇರುವ ಸುದ್ದಿ ಹೇಳಿದಳು. ನಿಮ್ಮ ಅಪ್ಪ "ಅಜ್ಜಿಯ ಕೈ ಮೊಮ್ಮಗಳಿಗೆ ಬಂದಿದೆ" ಎಂದು ನಕ್ಕರು. ಶಮಿಕಾ ನನ್ನ ಕಡೆ ತಿರುಗಿ "ಅಜ್ಜಿ, ಗಿವ್ ಮಿ ಸಮ್ ಟಿಪ್ಸ್ ನೋ" ಎಂದಳು. ನಾನು ಸಾರಿನ ಪಾತ್ರೆ ತರುವ ನೆಪದಲ್ಲಿ ಎದ್ದು ಒಳಗೆ ಹೋದೆ. ಪಾತ್ರೆ ಮೇಜಿನ ಮೇಲೆಯೇ ಇತ್ತು. ಧನ್ವಿತ್ ನಕ್ಕದ್ದು ನನಗೆ ಕೇಳಿಸಿತು.

ನೀನು ಕೇಳಿದ ಟಿಪ್ಸ್ ಇದರಲ್ಲಿ ಇವೆ. ಅವುಗಳ ಜೊತೆಗೆ ನೀನು ಕೇಳದ ಒಂದು ಸಂಗತಿಯೂ ಇದೆ. ನಾನು ಕಲಿತದ್ದು ಊರಿನ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ. ಕಾಗದ ಬಿಟ್ಟು ಬೇರೇನೂ ಬರೆದವಳಲ್ಲ. ತಪ್ಪುಗಳಿದ್ದರೆ ನಿಮ್ಮ ಅಮ್ಮ ತಿದ್ದಿ ಓದಿ ಹೇಳಲಿ. ಅಕ್ಷರ ಮಾತ್ರ ತಿದ್ದಲಿ, ವಿಷಯವನ್ನು ತಿದ್ದುವುದು ಬೇಡ.

ನಾನು ಕುವೈತಿಗೆ ಹೋದದ್ದು ಅಲ್ಲಿ ಯುದ್ಧ ಮುಗಿದು ಎರಡು ವರ್ಷಗಳ ಮೇಲೆ. ನಿಮ್ಮ ಅಜ್ಜ ಶುವೈಖಿನ ಗ್ಯಾರೇಜುಗಳ ಬೀದಿಯಲ್ಲಿ ಒಂದು ವರ್ಕ್‌ಶಾಪಿನಲ್ಲಿ ಮೋಟಾರು ರೀವೈಂಡಿಂಗ್ ಮಾಡುತ್ತಿದ್ದರು. ಸುಟ್ಟುಹೋದ ತಂತಿಯನ್ನು ತೆಗೆದು ಹೊಸ ತಂತಿ ಸುತ್ತುವ ಕೆಲಸ. ನಾವು ರಿಗ್ಗೈಯಲ್ಲಿ ಇನ್ನೊಂದು ಕುಟುಂಬದ ಜೊತೆ ಫ್ಲ್ಯಾಟು ಹಂಚಿಕೊಂಡಿದ್ದೆವು. ನಿಮ್ಮ ಅಮ್ಮ ಊರಿನಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದು ಶಾಲೆಗೆ ಹೋಗುತ್ತಿದ್ದಳು. ನನಗೆ ಹಗಲಿಡೀ ಕೆಲಸವಿರಲಿಲ್ಲ. ಬಾಗಿಲು ಬಡಿದರೆ ತೆರೆಯಲೂ ಹೆದರುತ್ತಿದ್ದೆ.

ಒಂದು ಶುಕ್ರವಾರ ನಿಮ್ಮ ಅಜ್ಜ ಮುಷ್ಟಿಯಷ್ಟು ದೊಡ್ಡ ಒಂದು ಕಬ್ಬಿಣದ ತುಂಡನ್ನೂ ಒಂದು ಉರುಳೆ ತಂತಿಯನ್ನೂ ಮನೆಗೆ ತಂದರು. ಹಳೆಯ ಬೈಕಿನ ಮ್ಯಾಗ್ನೆಟೋದ ಕಾಯಿಲ್ ಅದು. ಬ್ಯಾಟರಿ ಇಲ್ಲದ ಹಳೆಯ ಬೈಕುಗಳಲ್ಲಿ ಕಿಡಿ ಹುಟ್ಟಿಸುವ ಯಂತ್ರಕ್ಕೆ ಮ್ಯಾಗ್ನೆಟೋ ಎನ್ನುತ್ತಾರೆ. ಅದರೊಳಗಿನ ಕಾಯಿಲಿಗೆ ಮೊದಲು ದಪ್ಪ ತಂತಿಯನ್ನೂ ಅದರ ಮೇಲೆ ಕೂದಲಿಗಿಂತ ಸಪೂರವಾದ ತಂತಿಯನ್ನೂ ಸಾವಿರಾರು ಸುತ್ತು ಸುತ್ತಬೇಕು. ಪ್ರತಿ ಪದರಕ್ಕೊಂದು ಕಾಗದ ಇಡಬೇಕು. ಅಜ್ಜನ ಬೆರಳುಗಳು ದಪ್ಪ. ಮೂರು ಸಲ ತಂತಿ ಕಡಿದುಹೋಗಿತ್ತು.

"ನೀನೊಮ್ಮೆ ನೋಡು. ಬೀಡಿ ಕಟ್ಟಿದ ಕೈಯಲ್ವಾ?" ಎಂದರು.

ನಾನು ಹತ್ತನೇ ವಯಸ್ಸಿನಿಂದ ಬೀಡಿ ಕಟ್ಟಿದವಳು. ಮಾತಾಡುತ್ತಾ, ಆಕಳಿಸುತ್ತಾ, ಕಣ್ಣು ಬೇರೆಲ್ಲೋ ಇದ್ದರೂ ಬೆರಳು ಎಲೆಯನ್ನು ಸುರುಳಿ ಮಾಡಿ ತುದಿ ಮಡಚಿ ನೂಲು ಸುತ್ತುತ್ತಿತ್ತು. ನೂಲಿನ ತುದಿ ಸಿಗದಿದ್ದರೆ ಬೆರಳನ್ನು ನಾಲಿಗೆಗೆ ಮುಟ್ಟಿಸಿ ಎತ್ತಿಕೊಳ್ಳುವುದು. ನಮ್ಮ ಮನೆಯಲ್ಲಿ ಅಮ್ಮ, ಅತ್ತೆ, ಅಕ್ಕಂದಿರು ಎಲ್ಲರೂ ಹಾಗೆಯೇ. ಇದನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ಆ ಕಾಯಿಲನ್ನು ನಾನು ಎರಡು ದಿನದಲ್ಲಿ ಸುತ್ತಿ ಕೊಟ್ಟೆ. ವರ್ಕ್‌ಶಾಪಿನ ಮಾಲೀಕರೂ ಅಜ್ಜನಿಗೆ ವೀಸಾ ಕೊಟ್ಟ ಕಫೀಲರೂ ಆದ ಅಬೂ ಖಾಲಿದ್ ಅದನ್ನು ತಿರುಗಿಸಿ ತಿರುಗಿಸಿ ನೋಡಿ "ಯೆ ಮಷೀನ್ ಕಾ ಕಾಮ್?" ಎಂದು ಕೇಳಿದರಂತೆ. ಅಜ್ಜ ನನ್ನ ಹೆಂಡತಿ ಮಾಡಿದ್ದು ಎನ್ನಲು "ಮೇರಾ ಮೇಡಂ" ಎಂದಾಗ ಅವರು ನಂಬಲಿಲ್ಲ. ಅಲ್ಲಿಂದ ಮನೆಗೆ ಕಾಯಿಲುಗಳು ಬರತೊಡಗಿದವು.

ಅಜ್ಜ ತೀರಿಕೊಂಡದ್ದು ಅದೇ ವರ್ಕ್‌ಶಾಪಿನಲ್ಲಿ. ಎದೆನೋವು ಎಂದು ಸ್ಟೂಲಿನ ಮೇಲೆ ಕೂತವರು ಏಳಲಿಲ್ಲ. ಅದನ್ನು ಇಲ್ಲಿ ಹೆಚ್ಚು ಬರೆಯುವುದಿಲ್ಲ. ನನ್ನ ಇಕಾಮಾ ಅವರ ಹೆಸರಿನಲ್ಲಿತ್ತು. ಅಂದರೆ ಅವರಿಲ್ಲದಿದ್ದರೆ ನನಗೆ ಆ ದೇಶದಲ್ಲಿ ಇರಲು ಕಾಗದವಿರಲಿಲ್ಲ. ಅಬೂ ಖಾಲಿದ್ ಓಡಾಡಿ ನನ್ನನ್ನು ವರ್ಕ್‌ಶಾಪಿನ ಕೆಲಸದವಳೆಂದು ಬರೆಸಿ ಇಕಾಮಾ ಮಾಡಿಸಿಕೊಟ್ಟರು. ಗಂಡಸರೇ ಇರುವ ಜಾಗ. ನನಗೆ ಮುಜುಗರವೆಂದು ತಿಳಿದು ಹಿಂದುಗಡೆ ಪ್ಲೈವುಡ್ಡಿನ ಅಡ್ಡಗೋಡೆ ಹಾಕಿಸಿ ಒಂದು ಬೆಂಚು ಕೊಟ್ಟರು. ಈ ಉಪಕಾರವನ್ನು ನಾನು ಮರೆತಿಲ್ಲ. ಮುಂದೆ ನಾನು ಬಾಯಿ ಮುಚ್ಚಿಕೊಂಡದ್ದಕ್ಕೆ ಇದೂ ಒಂದು ಕಾರಣವೆಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ.

ಅಡ್ಡಗೋಡೆಯ ಆಚೆ ಇದ್ದವರು ಲಾರೆನ್ಸ್. ಶಿರ್ವದ ಕಡೆಯ ಕೊಂಕಣಿ ಕ್ರೈಸ್ತರು, ವರ್ಕ್‌ಶಾಪಿನ ಹಿರಿಯ ಮೆಕ್ಯಾನಿಕ್. ನಮ್ಮಲ್ಲಿ ಕ್ರೈಸ್ತರನ್ನು ಮರ್ಯಾದೆಯಿಂದ ಕರೆಯುವ ಹಾಗೆ ನಾನು ಅವರನ್ನು ಪೊರ್ಬುಲು ಎನ್ನುತ್ತಿದ್ದೆ. ಅವರು ನನ್ನನ್ನು ಗುಲಾಬಿಯಕ್ಕ ಎನ್ನುತ್ತಿದ್ದರು, ನನಗಿಂತ ಎರಡು ವರ್ಷ ದೊಡ್ಡವರಾದರೂ. ನಾವು ಮಾತಾಡಿದ್ದೆಲ್ಲ ತುಳುವಿನಲ್ಲಿ. ನಿಮಗಾಗಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

ನನಗೆ ಸುತ್ತುವುದೊಂದೇ ಗೊತ್ತಿತ್ತು. ಏಕೆ ಸುತ್ತುತ್ತೇನೆಂದು ಕಲಿಸಿದವರು ಅವರು. ಒಂದು ದಿನ ಗೋಡೆಯ ಮೇಲಿಂದ ತಲೆ ಹಾಕಿ, "ಅಕ್ಕ, ನೀವು ಹೀಗೆ ಒಳಗೆ ಕೂತು ಸುತ್ತಿದರೆ ಅದು ಬೀಡಿಯೇ ಆಗ್ತದೆ. ಬನ್ನಿ, ಕಿಡಿ ಹೇಗೆ ಹಾರ್ತದೆ ನೋಡಿ" ಎಂದರು.

ಶಮಿಕಾ, ನಿನಗೆ ಬೇಕಾದ ಟಿಪ್ಸ್ ಇವು, ಎಲ್ಲವೂ ಅವರವು. ಸ್ಟಾರ್ಟ್ ಆಗದ ಬೈಕು ಬಂದರೆ ಮೊದಲು ಸ್ಪ್ಯಾನರ್ ಹಿಡಿಯಬೇಡ, ಸವಾರನನ್ನು ಮಾತಾಡಿಸು. ಯಾವಾಗ ನಿಂತಿತು, ನಿಲ್ಲುವ ಮೊದಲು ಕೆಮ್ಮಿತೋ, ದೀಪ ಆರಿದ ಹಾಗೆ ನಿಂತಿತೋ ಕೇಳು. ಕೆಮ್ಮಿ ನಿಂತರೆ ಪೆಟ್ರೋಲಿನ ಕಡೆ ನೋಡು. ಆರಿದ ಹಾಗೆ ನಿಂತರೆ ಕಿಡಿಯ ಕಡೆ. ಪ್ಲಗ್ ಬಿಚ್ಚಿ ಇಂಜಿನ್ನಿನ ಕಬ್ಬಿಣಕ್ಕೆ ತಾಗಿಸಿ ಕಿಕ್ ಹೊಡೆದರೆ ಕಿಡಿ ನೀಲಿಯಾಗಿ ಚಟ್ಟೆನ್ನಬೇಕು. ಕೆಂಪಾಗಿ ಸೋತ ಹಾಗಿದ್ದರೆ ಪ್ಲಗ್ಗಿನಿಂದ ಹಿಂದಕ್ಕೆ ಒಂದೊಂದೇ ಹೆಜ್ಜೆ ಹೋಗು: ಕ್ಯಾಪ್, ತಂತಿ, ಪಾಯಿಂಟು, ಕಂಡೆನ್ಸರ್, ಕೊನೆಗೆ ಕಾಯಿಲ್. ಒಂದು ಸಲಕ್ಕೆ ಒಂದನ್ನೇ ಬದಲಿಸು. ಎರಡನ್ನು ಒಟ್ಟಿಗೆ ಬದಲಿಸಿದರೆ ಬೈಕು ಸರಿಯಾದೀತು, ನಿನಗೆ ಮಾತ್ರ ಏನೂ ಗೊತ್ತಾಗಿರುವುದಿಲ್ಲ.

ನನ್ನ ಮೊದಲ ಬೆಪ್ಪುತನ ಪಾಯಿಂಟಿನದ್ದು. ಪಾಯಿಂಟು ಎಂದರೆ ಎರಡು ಸಣ್ಣ ಲೋಹದ ಬೊಟ್ಟುಗಳು. ಅವು ಕೂಡಿ ಬಿಡುವಾಗ ಕಿಡಿ ಹುಟ್ಟುತ್ತದೆ. ಧೂಳುಗಾಳಿ ಎದ್ದ ಒಂದು ವಾರ ಬಂದ ಬೈಕುಗಳ ಪಾಯಿಂಟುಗಳ ಮೇಲೆಲ್ಲ ಮರಳಿನ ಹಿಟ್ಟು. ನಾನು ಅವನ್ನು ಉಜ್ಜಿ ಹೊಳೆಯಿಸಿ, ಕೊನೆಗೆ ಸೀರೆಯ ಸೆರಗಿನಿಂದ ಒರೆಸಿಟ್ಟೆ. ಬೆಳಿಗ್ಗೆ ತಲೆಗೆ ಹಚ್ಚಿದ ತೆಂಗಿನೆಣ್ಣೆ ಸೆರಗಿನಲ್ಲಿತ್ತು. ಒಂದು ಬೈಕೂ ಸ್ಟಾರ್ಟ್ ಆಗಲಿಲ್ಲ. ಲಾರೆನ್ಸ್ ಪಾಯಿಂಟನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು.

"ಅಕ್ಕ, ಇದಕ್ಕೆ ಒಗ್ಗರಣೆಯೂ ಹಾಕ್ತೀರಾ?" ಎಂದರು.

ನಾನು ಎರಡು ದಿನ ಅವರ ಮುಖ ನೋಡಲಿಲ್ಲ. ಅವರು ಮಾತ್ರ ಆ ಮಾತನ್ನು ಅಬೂ ಖಾಲಿದ್‌ಗೆ ಹೇಳದೆ, "ಧೂಳು, ಧೂಳು" ಎಂದು ಮುಗಿಸಿದರು.

ಇನ್ನೊಮ್ಮೆ ಶರ್ಕಿನ ಬ್ಯಾಂಕೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದವರ ಬೈಕು. ಬಲಕ್ಕೆ ತಿರುಗಿಸಿದಾಗ ಮಾತ್ರ ನಿಲ್ಲುತ್ತಿತ್ತು. ಎರಡು ಕಡೆ ತೋರಿಸಿ, ಹೊಸ ಭಾಗಗಳನ್ನೆಲ್ಲ ಹಾಕಿಸಿ, ಸೋತು ನಮ್ಮಲ್ಲಿಗೆ ಬಂದಿದ್ದರು. ಲಾರೆನ್ಸ್ ಏನನ್ನೂ ಬಿಚ್ಚದೆ ಹ್ಯಾಂಡಲ್ಲನ್ನು ಎಡಕ್ಕೆ ಬಲಕ್ಕೆ ತಿರುಗಿಸುತ್ತಾ ಒಂದು ಗಂಟೆ ನೋಡಿದರು. ಟ್ಯಾಂಕಿನ ಕೆಳಗೆ ಒಂದು ತಂತಿಯ ಸಿಪ್ಪೆ ಸವೆದಿತ್ತು. ಬಲಕ್ಕೆ ತಿರುಗಿದರೆ ಅದು ಕಬ್ಬಿಣಕ್ಕೆ ತಾಗುತ್ತಿತ್ತು. ಒಂದು ತುಂಡು ಟೇಪು ಸುತ್ತಿದರು, ಅಷ್ಟೆ. "ನೋಡುವುದು ಕೆಲಸ ಅಕ್ಕ, ರಿಪೇರಿ ಆಮೇಲೆ" ಎಂದರು. ಅಂಥ ಮನುಷ್ಯ.

ಅವರು ನನಗೆ ಹೇಳಿದ್ದ ಕಟ್ಟುನಿಟ್ಟಿನ ಮಾತು ಒಂದೇ. ಸಪೂರ ತಂತಿ ಸುತ್ತುವಾಗ ಹತ್ತಿಯ ಗ್ಲೌಸ್ ಹಾಕಬೇಕು. ಬರಿಗೈಯ ಬೆವರಿನಲ್ಲಿ ಉಪ್ಪಿದೆ, ಅದು ತಂತಿಯ ಬಣ್ಣದ ಲೇಪದ ಸಣ್ಣ ಬಿರುಕಿನಿಂದ ಒಳಗೆ ಇಳಿದು ತಾಮ್ರವನ್ನು ನಿಧಾನವಾಗಿ ತಿನ್ನುತ್ತದೆ. ಈಗ ಗೊತ್ತಾಗುವುದಿಲ್ಲ, ಆರು ತಿಂಗಳ ಮೇಲೆ ಗೊತ್ತಾಗುತ್ತದೆ ಎಂದಿದ್ದರು. ಎರಡು ಜೊತೆ ಬಿಳಿ ಗ್ಲೌಸ್ ಅವರೇ ತಂದುಕೊಟ್ಟರು.

ನಾನು ಅವನ್ನು ಅವರೆದುರಿಗೆ ಹಾಕಿಕೊಳ್ಳುತ್ತಿದ್ದೆ. ಹಾಕಿದರೆ ಬೆರಳು ಕುರುಡಾದಂತೆ ಆಗುತ್ತಿತ್ತು. ತಂತಿ ಎಷ್ಟು ಬಿಗಿ ಇದೆಯೆಂದು ತಿಳಿಯುತ್ತಿರಲಿಲ್ಲ. ಗೋಡೆಯ ಆಚೆ ಅವರ ಹೆಜ್ಜೆಯ ಸದ್ದು ದೂರವಾದ ಕೂಡಲೇ ತೆಗೆದು ಮಡಿಲಲ್ಲಿಡುತ್ತಿದ್ದೆ. ನನ್ನ ಕೈ ಬೇರೆ, ಇಷ್ಟು ವರ್ಷ ಸುತ್ತಿದ್ದರಲ್ಲಿ ಏನೂ ಆಗಿಲ್ಲ ಎಂಬ ಸೊಕ್ಕು ಕೂಡ ಇತ್ತು. ನಾಚಿಕೆಯವಳು ಎಂದು ಎಲ್ಲರೂ ನನ್ನನ್ನು ಕರೆಯುತ್ತಾರೆ. ನಾಚಿಕೆಯವರಿಗೆ ಸೊಕ್ಕು ಇರುವುದಿಲ್ಲವೆಂದು ತಿಳಿಯಬೇಡಿ.

ಈಗ ಆ ಬೈಕಿನ ಸಂಗತಿ.

ಅಬೂ ಖಾಲಿದ್ ಅವರದೇ ಬೈಕು ಅದು. ಅವರ ತಂದೆ ಓಡಿಸುತ್ತಿದ್ದ, ಒಂದೇ ಸಿಲಿಂಡರಿನ ಇಂಗ್ಲಿಷ್ ಬೈಕು. ಯುದ್ಧದ ತಿಂಗಳುಗಳಲ್ಲಿ ಸೈನಿಕರ ಕಣ್ಣಿಗೆ ಬೀಳದಂತೆ ಮನೆಯ ಉಗ್ರಾಣಕ್ಕೆ ಇಟ್ಟಿಗೆಯ ಗೋಡೆ ಕಟ್ಟಿ ಅದರ ಹಿಂದೆ ಅಡಗಿಸಿಟ್ಟಿದ್ದರಂತೆ. ತಂದೆ ತೀರಿದ ಮೇಲೆ ಅದನ್ನು ಮತ್ತೆ ಓಡಿಸಬೇಕೆಂದು ಅವರಿಗೆ ಹಟ. ಲಾರೆನ್ಸ್ ಇಂಜಿನ್ ಪೂರ್ತಿ ಮಾಡಿದರು. ಮ್ಯಾಗ್ನೆಟೋದ ಕಾಯಿಲ್ ನನ್ನ ಬೆಂಚಿಗೆ ಬಂತು.

ಸೆಪ್ಟೆಂಬರ್ ತಿಂಗಳು. ಕುವೈತಿನಲ್ಲಿ ಆಗ ಸೆಖೆಯ ಜೊತೆಗೆ ಸಮುದ್ರದ ಪಸೆ. ಗೋಡೆ ಮುಟ್ಟಿದರೂ ಒದ್ದೆ. ವರ್ಕ್‌ಶಾಪಿನ ಹಿಂದಿನ ಏಸಿ ಕೆಟ್ಟು ನಾಲ್ಕು ದಿನವಾಗಿತ್ತು. ಕಫೀಲರ ಬೈಕು, ಬೇಗ ಕೊಡಬೇಕು. ನಾನು ಗ್ಲೌಸ್ ತೆಗೆದಿಟ್ಟೆ. ಪ್ರತಿ ಪದರ ಮುಗಿದಾಗ ಕಾಗದ ಇಟ್ಟು, ತಂತಿ ಜಾರದಂತೆ ಬೆರಳನ್ನು ನಾಲಿಗೆಗೆ ಮುಟ್ಟಿಸಿ ಒತ್ತಿ ಹಿಡಿದು, ಮುಂದಿನ ಪದರಕ್ಕೆ ಹೋಗುತ್ತಿದ್ದೆ. ಬೀಡಿಯ ನೂಲು ಹಿಡಿದ ಹಾಗೆಯೇ. ಆಗ ಅದು ನನ್ನ ಗಮನಕ್ಕೆ ಬಂದದ್ದೂ ಇಲ್ಲ. ಕಾಯಿಲ್ ಚೆಂದವಾಗಿ ಬಂತು. ವಾರ್ನಿಷ್ ಹಾಕಿ ಒಲೆಯಲ್ಲಿ ಒಣಗಿಸಿ ಕೊಟ್ಟೆ. ತಂತಿ ಎಲ್ಲೂ ಕಡಿದಿಲ್ಲವೆಂದು ಮೀಟರ್ ತೋರಿಸಿತು.

ಚಳಿಗಾಲವಿಡೀ ಆ ಬೈಕು ಗಡಿಯಾರದ ಹಾಗೆ ಓಡಿತು. ಏಪ್ರಿಲಿನಲ್ಲಿ ಬಿಸಿಲು ಏರಿದಾಗ ತಕರಾರು ಶುರುವಾಯಿತು. ತಣ್ಣಗಿದ್ದಾಗ ಒಂದೇ ಕಿಕ್ಕಿಗೆ ಸ್ಟಾರ್ಟ್. ಇಂಜಿನ್ ಕಾದ ಮೇಲೆ ಒಮ್ಮೊಮ್ಮೆ ಕಿಡಿ ತಪ್ಪುತ್ತಿತ್ತು. ಲಾರೆನ್ಸ್ ಪ್ಲಗ್, ಕ್ಯಾಪ್ ನೋಡಿದರು. ಕಂಡೆನ್ಸರ್ ಬದಲಿಸಿದರು. ಆಮೇಲೆ ಗೋಡೆಯ ಮೇಲಿಂದ ತಲೆ ಹಾಕಿದರು.

"ಅಕ್ಕ, ಬಿಸಿಯಾದ ಮೇಲೆ ತಪ್ಪುವುದೆಂದರೆ ಕಾಯಿಲ್ ಮೇಲೆ ಸಂಶಯ. ಒಮ್ಮೆ ಬಿಚ್ಚಿ, ಒಲೆಯಲ್ಲಿ ಕಾಯಿಸಿ ಮೀಟರ್ ಹಿಡಿಯುವನಾ?"

"ಬೇಡ ಪೊರ್ಬುಲೇ. ಕಾಯಿಲ್ ಸರಿ ಉಂಟು" ಎಂದೆ.

"ಗ್ಲೌಸ್ ಹಾಕಿದ್ರಲ್ಲ?"

"ಹಾಕಿದ್ದೆ."

ಅವರು ನನ್ನ ಮುಖವನ್ನೂ ಸರಿಯಾಗಿ ನೋಡಲಿಲ್ಲ. "ಹಾಗಾದ್ರೆ ಆಯ್ತು. ಗುಲಾಬಿಯಕ್ಕ ಸುತ್ತಿದ್ದನ್ನು ಬಿಚ್ಚಲಿಕ್ಕೆ ನನಗೆಂತ ಹುಚ್ಚಾ?" ಎಂದು ನಕ್ಕು ಹೋದರು. ಪಾಯಿಂಟುಗಳನ್ನು ಮತ್ತೆ ಹೊಂದಿಸಿ, ಸ್ಕ್ರೂ ಬಿಗಿ ಮಾಡಿ, ಬೆಳಗಿನ ತಂಪಿನಲ್ಲಿ ಅರ್ಧ ಗಂಟೆ ಓಡಿಸಿ ನೋಡಿದರು. ಒಮ್ಮೆಯೂ ತಪ್ಪಲಿಲ್ಲ. ಬೈಕು ಸರಿಯಾಗಿದೆ ಎಂದು ಅಬೂ ಖಾಲಿದ್‌ಗೆ ಹೇಳಿದರು.

ಆ ಶುಕ್ರವಾರ ಅಬೂ ಖಾಲಿದ್ ಅವರ ಮಗ ಬೈಕನ್ನು ಸಮುದ್ರದ ಬದಿಯ ರಸ್ತೆಗೆ ಒಯ್ದ. ಮಧ್ಯಾಹ್ನದ ಬಿಸಿಲು. ಕಾರುಗಳ ಸಾಲಿನ ನಡುವೆ ಇಂಜಿನ್ ದೀಪ ಆರಿದ ಹಾಗೆ ನಿಂತಿತು. ಹಿಂದಿನ ಕಾರು ತಡೆಯಲಾಗದೆ ಗುದ್ದಿತು. ಹುಡುಗನ ಕಾಲು ಎರಡು ಕಡೆ ಮುರಿಯಿತು. ಜೀವ ಉಳಿಯಿತು.

ಶನಿವಾರ ಬೆಳಿಗ್ಗೆ ಮುರಿದ ಬೈಕನ್ನು ಲಾರಿಯಲ್ಲಿ ತಂದು ಇಳಿಸಿದರು. ಮ್ಯಾಗ್ನೆಟೋದ ಮುಚ್ಚಳ ಕಿತ್ತುಹೋಗಿತ್ತು. ಒಳಗೆ ಪಾಯಿಂಟು ಸರಿದು, ಅದರ ಸ್ಕ್ರೂ ಸಡಿಲವಾಗಿ ನೇತಾಡುತ್ತಿತ್ತು. ಅಬೂ ಖಾಲಿದ್ ಆ ಸ್ಕ್ರೂವನ್ನು ಬೆರಳಿನಿಂದಲೇ ತಿರುಗಿಸಿ ತೆಗೆದು ಲಾರೆನ್ಸರ ಮುಖದೆದುರು ಹಿಡಿದರು.

"ಶಿನೂ ಹಾದಾ? ಯೆ ಕ್ಯಾ ಹೈ ಲಾರೆನ್ಸ್? ತುಮ್ ಬೋಲಾ ಗಾಡಿ ಠೀಕ್!"

"ಬಾಬಾ, ಮೈ ಟೈಟ್ ಕಿಯಾ…"

"ಟೈಟ್? ಹಾಥ್ ಸೇ ಖುಲ್ತಾ ಹೈ! ಮೇರಾ ಬೇಟಾ ಅಸ್ಪತಾಲ್ ಮೇ. ಖಲಾಸ್. ತುಮ್ ಖಲಾಸ್."

ಲಾರೆನ್ಸ್ ಆ ಸ್ಕ್ರೂವನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡುತ್ತಲೇ ಇದ್ದರು. ಗುದ್ದಿದ ಪೆಟ್ಟಿಗೆ ಸಡಿಲವಾದೀತು ಎಂದು ವಾದಿಸಬಹುದಿತ್ತು. ವಾದಿಸಲಿಲ್ಲ. ಅಬೂ ಖಾಲಿದ್ ಬೇರೆ ಕಫೀಲನ ಕೆಳಗೆ ಹೋಗಲೂ ಅವರಿಗೆ ಒಪ್ಪಿಗೆ ಕೊಡಲಿಲ್ಲ. ವೀಸಾ ರದ್ದು, ಹತ್ತು ದಿನದಲ್ಲಿ ಊರಿಗೆ.

ಮ್ಯಾಗ್ನೆಟೋವನ್ನು ಗುಜರಿಯ ಡ್ರಮ್ಮಿಗೆ ಎಸೆದಿದ್ದರು. ಸೋಮವಾರ ಎಲ್ಲರೂ ಊಟಕ್ಕೆ ಹೋದಾಗ ನಾನು ಅದರಿಂದ ಕಾಯಿಲ್ ತೆಗೆದು ಬೆಂಚಿಗೆ ತಂದೆ. ಮೀಟರ್ ಹಿಡಿದೆ. ಸರಿ ತೋರಿಸಿತು. ಮನಸ್ಸು ಹಗುರಾಯಿತು. ಅಷ್ಟಕ್ಕೆ ಬಿಡಬಹುದಿತ್ತು. ಲಾರೆನ್ಸ್ ಕಲಿಸಿದ ಹಾಗೆ ಒಲೆಯಲ್ಲಿಟ್ಟು ಬಿಸಿ ಮಾಡಿ ಮತ್ತೆ ಹಿಡಿದೆ. ಮೀಟರಿನ ಮುಳ್ಳು ಮೇಲೆ ಕೆಳಗೆ ಹಾರಿ, ಬಿದ್ದುಬಿಟ್ಟಿತು. ತಣಿದಾಗ ಮತ್ತೆ ಎದ್ದಿತು.

ಬಿಚ್ಚತೊಡಗಿದೆ. ಪದರ ಪದರವಾಗಿ ಕಾಗದ ತೆಗೆದ ಹಾಗೆ, ತಂತಿಯ ಮೇಲೆ ಹಸಿರು ಚುಕ್ಕೆಗಳು ಕಂಡವು. ಹಳೆಯ ತಾಮ್ರದ ಚೆಂಬಿಗೆ ಹಿಡಿಯುವ ಕಿಲುಬು. ಎಲ್ಲೆಂದರಲ್ಲಿ ಅಲ್ಲ, ಪ್ರತಿ ಪದರದ ಕೊನೆಯಲ್ಲಿ, ನಾನು ನಾಲಿಗೆಗೆ ಮುಟ್ಟಿಸಿದ ಬೆರಳನ್ನು ಒತ್ತಿದ ಜಾಗದಲ್ಲಿ. ಒಂದು ಕಡೆ ತಾಮ್ರವೇ ಉಳಿದಿರಲಿಲ್ಲ. ತುದಿಗೆ ತುದಿ ತಾಗಿ ನಿಂತಿತ್ತು, ಬಿಸಿಯಾದರೆ ಬಿಡುತ್ತಿತ್ತು. ಒಂದರ ಮೇಲೊಂದು ನನ್ನ ಹೆಬ್ಬೆರಳಿನ ಗುರುತುಗಳು. ಸಹಿ ಹಾಕಿದ ಹಾಗೆ.

ಲಾರೆನ್ಸ್ ಹೊರಡಲು ಇನ್ನೂ ಎಂಟು ದಿನಗಳಿದ್ದವು. ಆ ಎಂಟು ದಿನವೂ ಅವರು ಗೋಡೆಯ ಆಚೆ ಕೂತು ತಮ್ಮ ಸಾಮಾನುಗಳನ್ನು ಒರೆಸಿ ಇನ್ನೊಬ್ಬರಿಗೆ ಒಪ್ಪಿಸುತ್ತಿದ್ದರು. ನಾನು ಆ ತಂತಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ರಿಗ್ಗೈಗೆ ಒಯ್ದು, ನಮ್ಮ ಕಟ್ಟಡದ ಕಸದ ತೊಟ್ಟಿಗೆ ಎಸೆದೆ. ಹೇಳಿದರೆ ಇಕಾಮಾ ಹೋಗುತ್ತದೆ, ನಿಮ್ಮ ಅಮ್ಮನ ಕಾಲೇಜು ನಿಲ್ಲುತ್ತದೆ ಎಂದು ಹೆದರಿದ್ದು ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ, "ಗ್ಲೌಸ್ ಹಾಕಿದ್ದೆ" ಎಂದ ಮಾತು ಸುಳ್ಳೆಂದು ಲಾರೆನ್ಸರಿಗೆ ತಿಳಿಯುವುದನ್ನು ನಾನು ತಾಳಲಾರದೆ ಹೋದೆ. ಅಬೂ ಖಾಲಿದ್ ನನ್ನನ್ನು ಹೊರಗೆ ಹಾಕಿದರೂ ಆದೀತು, ಇದಾಗದು ಎನ್ನಿಸಿತ್ತು.

ಕೊನೆಯ ದಿನ ಅವರು ಬೆಂಚಿನ ಹತ್ತಿರ ಬಂದು ನಿಂತರು.

"ಬರ್ತೇನೆ ಅಕ್ಕ."

"ಹೂಂ."

"ಅಬೂ ಖಾಲಿದ್ ಒಳ್ಳೆಯವರು. ಮಗನ ವಿಷಯ, ಯಾರಿಗಾದರೂ ಹಾಗೆ ಆಗ್ತದೆ. ನೀವು ಹೆದರಬೇಡಿ, ನಿಮ್ಮ ಕೆಲಸಕ್ಕೆ ಏನೂ ಆಗ್ಲಿಕ್ಕಿಲ್ಲ."

ನಾನು ತಲೆ ಎತ್ತಲಿಲ್ಲ. ಗ್ಲೌಸ್ ಹಾಕಿಕೊಂಡಿದ್ದೆ.

ಆಮೇಲೆ ಹತ್ತು ವರ್ಷ ಅಲ್ಲಿಯೇ ದುಡಿದೆ. ಆ ದಿನದಿಂದ ಒಮ್ಮೆಯೂ ಬರಿಗೈಯಲ್ಲಿ ತಂತಿ ಮುಟ್ಟಲಿಲ್ಲ. ಪ್ರತಿ ಕಾಯಿಲನ್ನೂ ಬಿಸಿ ಮಾಡಿ ಅಳೆದೇ ಕೊಟ್ಟೆ. ನಡುವೆ ಕೆಲಸದ ರೀತಿ ಬದಲಾಯಿತು. ಸುತ್ತು ಎಣಿಸುವ ಮಷೀನು ಬಂತು, ಮುಳ್ಳಿನ ಮೀಟರ್ ಹೋಗಿ ಅಂಕಿಯ ಮೀಟರ್ ಬಂತು, ಹಳೆಯ ಬೈಕುಗಳಿಗೂ ಪಾಯಿಂಟು ತೆಗೆದು ಬೆಂಕಿಪೊಟ್ಟಣದಷ್ಟು ದೊಡ್ಡ ಎಲೆಕ್ಟ್ರಾನಿಕ್ ಡಬ್ಬಿ ಕೂರಿಸತೊಡಗಿದರು. ಡಬ್ಬಿ ಕೆಟ್ಟರೆ ರಿಪೇರಿ ಇಲ್ಲ. ಎಸೆದು ಹೊಸದು ಹಾಕುವುದು. ಅದರಲ್ಲಿ ಯಾರ ಬೆರಳಿನ ಗುರುತೂ ಇರುವುದಿಲ್ಲ. ನನ್ನ ಕಾಯಿಲುಗಳಿಗೆ ದೂರದ ಎಗೈಲಾದಿಂದ, ಒಮ್ಮೆ ದುಬೈಯಿಂದಲೂ ಜನ ಬರುತ್ತಿದ್ದರು. "ಗುಲಾಬಿ ಕಾ ಕಾಮ್, ಜೇನ್", ಅಂದರೆ ಬಹಳ ಚೆನ್ನ, ಎಂದು ಅಬೂ ಖಾಲಿದ್ ಹೆಮ್ಮೆಯಿಂದ ತೋರಿಸುವಾಗ ನಾನು ಅಡ್ಡಗೋಡೆಯ ಹಿಂದೆ ಸರಿಯುತ್ತಿದ್ದೆ. ನಾಚಿಕೆ ಹೆಂಗಸು ಎಂದು ಅವರು ನಗುತ್ತಿದ್ದರು.

ಊರಿಗೆ ಬಂದು ಎರಡು ವರ್ಷ ಲಾರೆನ್ಸರ ಮನೆಯ ವಿಳಾಸ ಗೊತ್ತಿಲ್ಲವೆಂದು ನನಗೆ ನಾನೇ ಹೇಳಿಕೊಂಡೆ. ಶಿರ್ವದ ಪೇಟೆಯಲ್ಲಿ ಕುವೈತಿನ ಲಾರೆನ್ಸ್ ಎಂದರೆ ರಿಕ್ಷಾದವರೇ ಹೇಳುತ್ತಾರೆ. ಕೊನೆಗೊಂದು ದಿನ ಹೋದೆ. ರಸ್ತೆ ಬದಿಯಲ್ಲಿ ಪಂಪ್‌ಸೆಟ್ ರಿಪೇರಿಯ ಸಣ್ಣ ಅಂಗಡಿ. ತಲೆ ಪೂರ್ತಿ ಬಿಳಿ. ನನ್ನನ್ನು ಕಂಡು ಎದ್ದು ನಿಂತರು.

"ಹೋ, ಒಗ್ಗರಣೆಯವರು! ಬನ್ನಿ ಬನ್ನಿ. ಸಿಂತಿಯಾ, ಚಾ ಇಡು, ಕುವೈತಿನ ಅಕ್ಕ ಬಂದಿದ್ದಾರೆ!" ಎಂದು ಒಳಗಿದ್ದ ಹೆಂಡತಿಗೆ ಕೂಗಿದರು.

ಒಬ್ಬ ಗಿರಾಕಿ ಪಂಪಿಗಾಗಿ ಕಾಯುತ್ತಿದ್ದ. ಲಾರೆನ್ಸ್ ಮುಚ್ಚಳದ ಸ್ಕ್ರೂ ಬಿಗಿ ಮಾಡಿದರು. ಮಾಡಿ, ಇನ್ನೊಮ್ಮೆ ಹಿಡಿದು ನೋಡಿದರು. ಸ್ಪ್ಯಾನರ್ ಕೆಳಗಿಟ್ಟು, ಮತ್ತೆ ಎತ್ತಿಕೊಂಡು ಮೂರನೆಯ ಸಲ ನೋಡಿದರು.

"ಪೊರ್ಬುಲು ಸ್ಕ್ರೂ ಬಿಗಿ ಮಾಡುವಷ್ಟರಲ್ಲಿ ನನ್ನ ಗದ್ದೆ ಒಣಗ್ತದೆ" ಎಂದು ಗಿರಾಕಿ ನನಗೆ ಹೇಳಿದ. "ಮುಂಚೆ ಇವರು ಹೀಗೆ ಇರ್ಲಿಲ್ಲವಂತೆ."

ಅವನು ಹೋದ ಮೇಲೆ ಲಾರೆನ್ಸ್ ತಾವಾಗಿಯೇ ಮಾತು ತೆಗೆದರು. "ನಿಜ ಅಕ್ಕ, ಕುವೈತಿನಿಂದ ಬಂದ ಮೇಲೆ ಹೀಗೆ. ಆ ದಿನದ್ದನ್ನು ಎಷ್ಟು ಸಲ ನೆನಪು ಮಾಡಿಕೊಂಡಿದ್ದೇನೆ. ಪಾಯಿಂಟ್ ಇಟ್ಟದ್ದು ನೆನಪುಂಟು. ಎದ್ದದ್ದು ನೆನಪುಂಟು. ನಡುವೆ ಸ್ಕ್ರೂ ಬಿಗಿ ಮಾಡಿದ್ದು ಮಾತ್ರ ಒಮ್ಮೆ ನೆನಪಾಗ್ತದೆ, ಒಮ್ಮೆ ಇಲ್ಲ. ಆ ಹುಡುಗನ ಕಾಲು… ಈಗ ನಡೀತಾನಾ ಅವನು?"

"ನಡೀತಾನೆ" ಎಂದೆ. ಆಮೇಲೆ ಹೇಳಿದೆ. ಗ್ಲೌಸ್, ನಾಲಿಗೆ, ಹಸಿರು ಚುಕ್ಕೆ, ಕಸದ ತೊಟ್ಟಿ, ಎಲ್ಲವನ್ನೂ. ನೆಲ ನೋಡಿಕೊಂಡೇ ಹೇಳಿದೆ.

ಅವರು ಸ್ಪ್ಯಾನರನ್ನು ಬದಿಗಿಟ್ಟರು. ಬೈಯುತ್ತಾರೆಂದು ಕಾದೆ. ಕೊನೆಗೆ ಕೇಳಿದ್ದು ಒಂದೇ.

"ಹಾಗಾದ್ರೆ ಸ್ಕ್ರೂ ನಾನು ಬಿಗಿ ಮಾಡಿದ್ದೆ?"

"ಮಾಡಿದ್ದಿರಿ ಪೊರ್ಬುಲೇ. ಕಾರು ಗುದ್ದಿದ ಪೆಟ್ಟಿಗೆ ಸಡಿಲವಾದದ್ದು."

ಅವರು ತಮ್ಮ ಬಲಗೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡರು. ಸಿಂತಿಯಾ ಚಾ ತಂದಿಟ್ಟರು. ಅವರು ಚಾ ಮುಟ್ಟಲಿಲ್ಲ. ಕ್ಷಮಿಸಿದೆ ಎನ್ನಲಿಲ್ಲ, ನಾನೂ ಕೇಳಲಿಲ್ಲ, ಕೇಳುವ ಮುಖವಿರಲಿಲ್ಲ. ನಾನು ಹೊರಡುವಾಗ ಅಂಗಡಿಯ ಮೆಟ್ಟಿಲವರೆಗೆ ಬಂದು ಹೇಳಿದರು:

"ಇದನ್ನು ಬರೆದು ಕೊಡಿ. ನನ್ನ ಮಗ ರೋಶನ್‌ಗೆ, ನಾನೇ ಕೆಡಿಸಿದೆ, ಅದಕ್ಕೇ ಕಳಿಸಿದರು ಅಂತ ಹೇಳಿದ್ದೇನೆ. ಈಗ ನಾನು ಬಾಯಲ್ಲಿ ಹೇಳಿದರೆ, ಡ್ಯಾಡಿ ವಯಸ್ಸಾದ ಮೇಲೆ ತಪ್ಪನ್ನು ಬೇರೆಯವರ ಮೇಲೆ ಹಾಕ್ತಾರೆ ಅಂತ ಆಗ್ತದೆ. ನಿಮ್ಮ ಅಕ್ಷರದಲ್ಲಿ ಬೇಕು."

"ಬರೆದು ಕಳಿಸ್ತೇನೆ" ಎಂದೆ.

ಬರೆಯಲಿಲ್ಲ. ಮಕ್ಕಳೇ, ಒಂಬತ್ತು ವರ್ಷ ಬರೆಯಲಿಲ್ಲ. ಮೊದಲ ವರ್ಷ ಅಕ್ಷರ ಚೆನ್ನಾಗಿಲ್ಲವೆಂದುಕೊಂಡೆ. ಆಮೇಲೆ, ಅವರಿಗೇ ಹೇಳಿ ಆಗಿದೆಯಲ್ಲ, ಬರೆಯುವುದೇಕೆ ಎಂದುಕೊಂಡೆ. ನಿಜವೆಂದರೆ ಬಾಯಿಮಾತು ಗಾಳಿಗೆ ಹೋಗುತ್ತದೆ. ಬರೆದದ್ದನ್ನು ನಾಳೆ ನೀವು ಓದುತ್ತೀರಿ, ನಿಮ್ಮ ಅಮ್ಮ ಓದುತ್ತಾಳೆ. ತಾನು ಯಾರ ಅನ್ನದ ಮೇಲೆ ಕಾಲೇಜು ಮುಗಿಸಿದೆನೆಂದು ಅವಳಿಗೆ ಗೊತ್ತಾಗುತ್ತದೆ.

ಈ ವರ್ಷ ಮಳೆಗಾಲಕ್ಕೆ ಮೊದಲು ಲಾರೆನ್ಸ್ ತೀರಿಕೊಂಡರು. ನಾನು ಮನೆಗೆ ಹೋದಾಗ ಅಂಗಳದಲ್ಲಿ ಕುರ್ಚಿಗಳ ಮೇಲೆ ತುಂಬ ಜನ. ರೋಶನ್ ನನ್ನ ಹೆಸರು ಕೇಳಿ ಹತ್ತಿರ ಬಂದ. ಅಪ್ಪನದೇ ಎತ್ತರ, ಅಂಗಡಿ ಈಗ ಅವನೇ ನೋಡುತ್ತಾನೆ.

"ಗುಲಾಬಿಯಕ್ಕ ಅಂದ್ರೆ ನೀವಾ ಆಂಟಿ? ಡ್ಯಾಡಿ ಮೊದಲೆಲ್ಲ ಕೇಳ್ತಿದ್ರು, ಗುಲಾಬಿಯಕ್ಕನ ಕಾಗದ ಬಂತಾ ಅಂತ. ಪೋಸ್ಟ್‌ಮ್ಯಾನ್ ಹಾದುಹೋದ್ರೆ ಅಂಗಡಿಯಿಂದ ಇಳಿದು ಹೋಗಿ ಕೇಳ್ತಿದ್ರು. ಎರಡು ಮೂರು ವರ್ಷ ಹಾಗೆ. ಮತ್ತೆ ಕೇಳುವುದು ಬಿಟ್ರು. ಅದು ಎಂತ ಕಾಗದ ಆಂಟಿ?"

ಸುತ್ತ ಜನರಿದ್ದರು. "ಬರೆದು ಕಳಿಸ್ತೇನೆ ಮಗಾ" ಎಂದೆ. ಅವನು "ಸರಿ" ಎಂದ, ನಂಬದವರು ಹೇಳುವ ಹಾಗೆ.

ಶಮಿಕಾ, ನಿನಗೆ ಕೊಡಲು ನನ್ನ ಹತ್ತಿರ ಇದಕ್ಕಿಂತ ದೊಡ್ಡ ಟಿಪ್ಸ್ ಇಲ್ಲ. ನಿನ್ನ ಕೈಯಿಂದ ಕೆಡುತ್ತದೆ. ಎಲ್ಲರ ಕೈಯಿಂದಲೂ ಕೆಡುತ್ತದೆ. ಕೆಟ್ಟದ್ದು ಗೊತ್ತಾದ ದಿನವೇ ಹೇಳಿಬಿಡು. ನನ್ನ ಕಾಯಿಲ್ ಒಂದು ಬೈಕನ್ನು ಕೆಡಿಸಿತು, ಒಬ್ಬ ಹುಡುಗನ ಕಾಲು ಮುರಿಯಿತು, ಅವೆರಡೂ ಸರಿಯಾದವು. ನಾನು ಸುಮ್ಮನಿದ್ದದ್ದು ಒಬ್ಬ ಒಳ್ಳೆಯ ಕೆಲಸಗಾರನಿಗೆ ತನ್ನ ಕೈಯ ಮೇಲೆ ತನಗೇ ನಂಬಿಕೆ ಇಲ್ಲದ ಹಾಗೆ ಮಾಡಿತು. ಅದನ್ನು ಬಿಚ್ಚಿ ಮತ್ತೆ ಸುತ್ತಲು ಬರುವುದಿಲ್ಲ.

ಈ ಹಾಳೆಗಳನ್ನು ನಾನು ಎರಡು ಸಲ ಬರೆದಿದ್ದೇನೆ. ಜೆರಾಕ್ಸ್ ಮಾಡಿಸಲಿಲ್ಲ, ಅವರು ಕೇಳಿದ್ದು ನನ್ನ ಅಕ್ಷರವನ್ನು. ಒಂದು ಪ್ರತಿಯನ್ನು ಭಾನುವಾರ ನಾನೇ ಬಸ್ಸಿನಲ್ಲಿ ಹೋಗಿ ರೋಶನ್‌ನ ಕೈಯಲ್ಲಿ ಕೊಟ್ಟು ಬರುತ್ತೇನೆ. ಅವನು ಸಿಟ್ಟಿನಿಂದ ಹರಿದು ಹಾಕಿದರೂ ಹಾಕಿಯಾನು. ಅದು ಅವನ ಹಕ್ಕು. ಇನ್ನೊಂದು ಪ್ರತಿ ಇದು, ನಿಮ್ಮದು. ನನ್ನ ಬಗ್ಗೆ ಬೇಸರವಾದರೂ ಇದನ್ನು ಎಸೆಯಬೇಡಿ, ಒದ್ದೆಯಾಗದ ಕಡೆ ಇಡಿ. ಮುಂದೊಂದು ದಿನ ರೋಶನ್ ಆಗಲಿ ಅವನ ಮಕ್ಕಳಾಗಲಿ ಕೇಳಿಕೊಂಡು ನಿಮ್ಮ ಬಾಗಿಲಿಗೆ ಬಂದರೆ, ನಾನು ಇರಲಿ, ಇಲ್ಲದಿರಲಿ, ಅವರನ್ನು ಕಾಯಿ‌ಸದೆ ಕೊಡಿ.